ಡಿಫೆಂಡರ್ ಹೊಸ ರೂಪ: ಮೂತಿ ಬಿಡಿ, ಚಕ್ರ ನೋಡಿ

ಲ್ಯಾಂಡ್ ರೋವರ್ ಕಂಪನಿಯ ಆಫ್-ರೋಡ್ ಗಾಡಿ ಡಿಫೆಂಡರ್‌ನ ಹಳೇ ಮಾದರಿ ಇಟ್ಟುಕೊಂಡವರೆಲ್ಲ ಮೂಲೆ ದುಂಡಗಾದ ಹೊಸದನ್ನು ಕರಗಿದ ಸೋಪು ಅಂತ ಬೈತಾರೆ, ಇದು ಬರೀ ಹಠವೋ ಅಥವಾ ಹುರುಳಿದೆಯೋ ಅಂತ ಕೇಳಿದ್ದೀರಿ. ಎರಡೂ ಇದೆ.

ಇಂಥ ಜಗಳ ಹೊಸದೇನಲ್ಲ. 1986ರಲ್ಲಿ ಜೀಪ್ ರ‍್ಯಾಂಗ್ಲರ್ ಚೌಕ ಹೆಡ್‌ಲೈಟ್ ಜೊತೆ ಬಂತು. ನಿಜವಾದ ಜೀಪಿಗೆ ದುಂಡು ದೀಪ ಇರುತ್ತೆ ಅಂತ ಹಳಬರು ಬಂಪರಿಗೆ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡಿದರು. 1996ರ ಹೊಸ ಮಾದರಿಯಲ್ಲಿ ಕಂಪನಿ ದುಂಡು ದೀಪಕ್ಕೇ ವಾಪಸ್ ಬಂತು! ಮರ್ಸಿಡಿಸ್ ಇದರಲ್ಲಿ ಜಾಣ. ಅವರ ಆಫ್-ರೋಡ್ ಗಾಡಿ ಜಿ-ಕ್ಲಾಸ್‌ನ 2018ರ ಮಾದರಿಯಲ್ಲಿ ಮುಂದಿನ ಸಸ್ಪೆನ್ಶನ್ (ಚಕ್ರದ ಕುಲುಕು ತಡೆಯುವ ವ್ಯವಸ್ಥೆ) ಸೇರಿ ಹೆಚ್ಚುಕಡಿಮೆ ಎಲ್ಲವೂ ಬದಲು. ಡಬ್ಬಿ ಆಕಾರ, ಬಾಗಿಲಿನ ಹಿಡಿಕೆಯಂಥ ಕೆಲವನ್ನು ಮಾತ್ರ ಹಾಗೇ ಉಳಿಸಿದರು.

ಡಿಫೆಂಡರ್‌ಗೆ ಹೀಗೆ ಹಳೇ ರೂಪ ಉಳಿಸಿಕೊಂಡು ಬದಲಾಗುವ ಅನುಕೂಲ ಸಿಗಲಿಲ್ಲ. ಹಳೆಯದರ ತಯಾರಿಕೆ 2016ರ ಜನವರಿಯಲ್ಲಿ ನಿಂತಿತು, ಹೊಸದನ್ನು ತೋರಿಸಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಒಬ್ಬೊಬ್ಬರೂ ತಲೆಯಲ್ಲೇ ತಮ್ಮದೊಂದು ಡಿಫೆಂಡರ್ ಕಟ್ಟಿಕೊಂಡಿದ್ದರು. ಬಂದದ್ದು ಲ್ಯಾಡರ್ ಚಾಸಿ (ಅಡಿಯ ಏಣಿಯಂಥ ಚೌಕಟ್ಟು) ಇಲ್ಲದ ಅಲ್ಯೂಮಿನಿಯಂ ಮೊನೊಕಾಕ್, ಅಂದರೆ ದೇಹವೇ ಚೌಕಟ್ಟು. ಎಡ-ಬಲ ಚಕ್ರ ಜೋಡಿಸುವ ಗಟ್ಟಿ ಆಕ್ಸಲ್ ಹೋಗಿ, ಪ್ರತಿ ಚಕ್ರ ತನ್ನಷ್ಟಕ್ಕೆ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಶನ್ ಬಂತು. ನನಗನ್ನಿಸುವಂತೆ ಕೋಪ ಇದರ ಮೇಲೆ, ಬೈಗುಳ ಬಿದ್ದದ್ದು ಮೂತಿಗೆ.

ಮೂಲೆ ದುಂಡಗಾಗಲು ಕಾರಣ ಇದೆ. ಪಾದಚಾರಿಗೆ ತಗುಲಿದರೆ ಪೆಟ್ಟು ಕಡಿಮೆ ಆಗಬೇಕು ಅನ್ನೋ ನಿಯಮ, ಗಾಳಿಯ ತಡೆ ಎರಡೂ ಸೇರಿಕೊಳ್ಳುತ್ತವೆ. ಹಳೆಯದರಲ್ಲಿ ಏರ್‌ಬ್ಯಾಗೇ ಇರಲಿಲ್ಲ, ನೆನಪಿದೆಯಲ್ವಾ? ದಾರಿ ಬಿಟ್ಟು ಇಳಿಸಿದರೂ ಹೊಸದು ಸೋಲೋದಿಲ್ಲ. ಏರ್ ಸಸ್ಪೆನ್ಶನ್ ಇರುವ 110 (ಐದು ಬಾಗಿಲಿನ ಡಿಫೆಂಡರ್) ತನ್ನನ್ನು ಎತ್ತಿಕೊಂಡಾಗ ನೆಲದಿಂದ 291 ಮಿಲಿಮೀಟರ್ ಎತ್ತರ. ನೀರಿನಲ್ಲಿ 900 ಮಿಲಿಮೀಟರ್ ಆಳದವರೆಗೂ ಹೋಗುತ್ತೆ, ಹಳೆಯದರ ಮಿತಿ 500.

ಇನ್ನು ಹುರುಳಿರುವ ದೂರುಗಳು. ಬಾನೆಟ್ ಮೇಲಿನ ಚೆಕರ್ ಪ್ಲೇಟ್ (ಉಬ್ಬು ಗೆರೆಯ ಲೋಹದ ಹಾಳೆ) ತರಹದ ಕಪ್ಪು ಪಟ್ಟಿ ನೋಡೋಕೆ ಮಾತ್ರ. ಹಳೇ ಗಾಡಿಗೆ ಹಾಕಿಸುತ್ತಿದ್ದ ಪ್ಲೇಟ್ ಅಂದುಕೊಂಡು ಹತ್ತಿ ನಿಲ್ಲಬೇಡಿ. ಹಿಂದಿನ ಪಕ್ಕದ ಗಾಜಿನ ಮೇಲೆ ಕೂರುವ ಆ ಚೌಕ ಫಲಕ ನನಗಂತೂ ಸುಮ್ನೆ ಅಡ್ಡ ಅನ್ನಿಸುತ್ತೆ. ಲೇನ್ ಬದಲಿಸಲು ತಿರುಗಿ ನೋಡಿದರೆ ಸರಿಯಾಗಿ ಅಲ್ಲೇ ನೋಟ ನಿಲ್ಲುತ್ತೆ. ರಿಪೇರಿಯಲ್ಲೂ ಹಳಬರ ಮಾತು ನಿಜ. ಹಳೇ ಮುಂದಿನ ಮಡ್ಗಾರ್ಡನ್ನು ಬೋಲ್ಟ್ ಬಿಚ್ಚಿ ಮನೆಯಲ್ಲೇ ಬದಲಿಸಬಹುದಿತ್ತು. ಈಗ ಬಂಪರಿನಲ್ಲೂ ಸೆನ್ಸರ್.

ಚಕ್ರವೇ ಎಲ್ಲಕ್ಕಿಂತ ಮುಖ್ಯ, ಆದರೆ ಅದರ ಬಗ್ಗೆ ಜಗಳವಾಡುವವರೇ ಕಡಿಮೆ. ಹೊಸದು ಬಂದಾಗ 18ರಿಂದ 22 ಇಂಚಿನವರೆಗೆ ಆಯ್ಕೆ ಇತ್ತು. ಫೋಟೋದಲ್ಲಿ 22 ಚೆನ್ನಾಗಿ ಕಾಣುತ್ತೆ, ಟೈರಿನ ಪಕ್ಕದ ಗೋಡೆ ಮಾತ್ರ ತೆಳು. ಕಲ್ಲಿನ ದಾರಿಯಲ್ಲಿ ಗಾಳಿ ಇಳಿಸಿ ಓಡಿಸಲು ಹೋದರೆ ರಿಮ್ಮಿಗೇ ಪೆಟ್ಟು. 18 ಇಂಚಿನ ಸ್ಟೀಲ್ ಚಕ್ರ ಹಾಕಿದ ಗಾಡಿ ಒಮ್ಮೆ ನೋಡಿ, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತೆ. ನೀವು ಆರಿಸುವ ಎಂಜಿನ್ನಿನ ಬ್ರೇಕಿಗೆ ಅದು ಹೊಂದುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಸ್ಪ್ಯಾನರ್ ಹಿಡಿಯೋದೇ ಖುಷಿ ಅನ್ನುವವರಾದರೆ ಹಳೆಯದನ್ನೇ ಹುಡುಕಿ. ಇಲ್ಲದಿದ್ದರೆ ಹೊಸದರಲ್ಲಿ ಕೂತು ಸೀಟು ಎತ್ತರಿಸಿ, ಬಾನೆಟ್ಟಿನ ಎರಡೂ ಮೂಲೆ ಕಾಣುತ್ತಾ ನೋಡಿ. ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುತ್ತೆ, ಸ್ಟೆಪ್ನಿ ಅದರ ಮೇಲೇ ಇದೆ. ನೀವು ನಿಲ್ಲಿಸುವ ಕಡೆ ಹಿಂದೆ ಜಾಗ ಸಾಕಾಗುತ್ತಾ ಅಳೆದುಕೊಳ್ಳಿ.