ಆಂಟಿಕ್ ಹಾರ, ಅತ್ತೆಯ ಬೋರಮಾಳ, ಲ್ಯಾಬ್ ವಜ್ರ: ಮದುವೆ ಒಡವೆಯ ಪ್ರಶ್ನೆಗಳು

ಪ್ರಶ್ನೆ: ಮಗಳ ಮದುವೆ ಮಾಘದಲ್ಲಿದೆ. ಅವಳಿಗೆ ಫಳಫಳ ಹೊಳೆಯುವ ಒಡವೆ ಬೇಡವಂತೆ, ಮಾಸಲು ಬಣ್ಣದ ಆಂಟಿಕ್ ಲಕ್ಷ್ಮಿ ಹಾರವೇ ಬೇಕಂತೆ. 60 ಗ್ರಾಂ ತೂಗುವ ಹಾರಕ್ಕೆ ಅಂಗಡಿಯವರು ಶೇ 16 ವೇಸ್ಟೇಜ್ ಹೇಳಿದ್ದಾರೆ. ನಮ್ಮತ್ತೆಯವರ ಹಳೇ ಬೋರಮಾಳ ಸರ ಕೊಟ್ಟರೆ ಕರಗಿಸಿ ಬೆಲೆ ಹಿಡಿದುಕೊಳ್ಳುತ್ತಾರಂತೆ. ಕೊಡಲೇ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಬೋರಮಾಳ ಕೊಡಬೇಡಿ ತಾಯಿ. ಯಾಕೆಂದು ಆಮೇಲೆ ಹೇಳುತ್ತೇನೆ, ಮೊದಲು ಹಾರದ ಲೆಕ್ಕ ನೋಡೋಣ.

ವೇಸ್ಟೇಜ್, ಅಂದರೆ ಒಡವೆ ಮಾಡುವಾಗ ಸವೆಯುವ ಚಿನ್ನದ ಹೆಸರಿನಲ್ಲಿ ಹಾಕುವ ಮಜೂರಿ, ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಯಾವ ತೂಕದ ಮೇಲೆ ಎಂದು ಕೇಳುವವರು ಕಮ್ಮಿ. ಆಂಟಿಕ್ ಹಾರದಲ್ಲಿ ಕೆಂಪು, ಪಚ್ಚೆ, ಕೆಳಗೆ ಜೋಲುವ ಮಣಿಗಳು ಧಾರಾಳವಾಗಿರುತ್ತವೆ. ನಿಮ್ಮ 60 ಗ್ರಾಂನಲ್ಲಿ ಕಲ್ಲು, ಮಣಿ ಸೇರಿ 9 ಗ್ರಾಂ ಇದೆ ಎಂದಿಟ್ಟುಕೊಳ್ಳಿ. ಚಿನ್ನ 51 ಗ್ರಾಂ. ಅದರ ಮೇಲೆ ಶೇ 16 ಅಂದರೆ 8.16 ಗ್ರಾಂ, ಒಟ್ಟು 59.16 ಗ್ರಾಂ ಚಿನ್ನದ ದುಡ್ಡು. ಅದೇ ಲೆಕ್ಕವನ್ನು ಪೂರ್ತಿ 60 ಗ್ರಾಂ ಮೇಲೆ ಹಾಕಿದರೆ 69.6 ಗ್ರಾಂ ಆಗುತ್ತದೆ. ನಡುವಿನ ವ್ಯತ್ಯಾಸ ಹತ್ತು ಗ್ರಾಂಗೂ ಹೆಚ್ಚು. ಹತ್ತು ಗ್ರಾಂ ಅಪರಂಜಿಯ ಬೆಲೆ 2025ರಲ್ಲೇ ಲಕ್ಷ ರೂಪಾಯಿ ದಾಟಿದ್ದು ನಿಮಗೆ ಗೊತ್ತಿದೆ. ಗಾಜಿನ ಮಣಿಗೆ ಚಿನ್ನದ ದರ ಕೊಟ್ಟ ಹಾಗಾಯಿತು. ಕಲ್ಲಿಗೆ ಬೇರೆ ಬೆಲೆ ಹಾಕಲಿ, ತಪ್ಪಿಲ್ಲ. ಆದರೆ ಬಿಲ್ಲಿನಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ನಿವ್ವಳ ತೂಕ ಮೂರೂ ಬೇರೆ ಬೇರೆ ಸಾಲಿನಲ್ಲಿ ಬರಲಿ. ಕೆಂಪು ಎಂದ ಮಾತ್ರಕ್ಕೆ ಅದು ಮಾಣಿಕ್ಯವಲ್ಲ. ಈ ಹಾರಗಳಲ್ಲಿ ಕೂರಿಸುವುದು ಹೆಚ್ಚಾಗಿ ಕೃತಕ ಕಲ್ಲು ಅಥವಾ ಗಾಜು, ಹಾಗಾಗಿ ಕಲ್ಲಿನ ದರವನ್ನೂ ಕೆದಕಿ ಕೇಳಿ.

ಇನ್ನು ಶೇ 16 ನ್ಯಾಯವೋ ಅಲ್ಲವೋ ಎನ್ನುವುದು ಕೆಲಸ ನೋಡಿ ಹೇಳುವ ಮಾತು. ನಿಜವಾದ ನಕಾಶಿ ಕೆಲಸದಲ್ಲಿ ಚಿನ್ನದ ತಗಡನ್ನು ಅರಗಿನ ಮೇಲೆ ಕೂರಿಸಿ, ಚಾಣದಿಂದ ಒಂದೊಂದೇ ಗೆರೆ ಎಬ್ಬಿಸುತ್ತಾರೆ. ಒಬ್ಬ ಲಕ್ಷ್ಮಿಯ ಮುಖಕ್ಕೇ ದಿನಗಳು ಹಿಡಿಯುತ್ತವೆ. ಈಗ ಅಂಗಡಿಯ ಗಾಜಿನ ಕಪಾಟಿನಲ್ಲಿರುವ ಬಹುಪಾಲು ಹಾರಗಳು ಅಚ್ಚಿನಲ್ಲಿ ಒತ್ತಿದವು, ಇಲ್ಲವೇ ಎರಕ ಹೊಯ್ದವು. ಪತ್ತೆ ಹಚ್ಚುವುದು ಸುಲಭ: ಹಾರದ ಎರಡು ಬದಿಯ ನವಿಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕೂದಲೆಳೆಯಷ್ಟೂ ಫರಕಿಲ್ಲದೆ ಒಂದೇ ಥರ ಇದ್ದರೆ ಅದು ಅಚ್ಚು. ಕೈಕೆಲಸದಲ್ಲಿ ಒಂದು ನವಿಲಿನ ಕೊಕ್ಕು ಸ್ವಲ್ಪ ಡೊಂಕಾಗಿಯೇ ಇರುತ್ತದೆ. ಅಚ್ಚಿನ ಮಾಲಿಗೆ ನಕಾಶಿಯ ಮಜೂರಿ ಕೊಡುವುದು ಬೇಡ. ಇಲ್ಲಿ ಚೌಕಾಸಿಗೆ ಜಾಗವಿದೆ, ಸಂಕೋಚಪಡಬೇಡಿ.

ಮಗಳಿಗೂ ಒಂದು ಮಾತು ಹೇಳಿಬಿಡಿ. ಆ ಮಾಸಲು ಬಣ್ಣ ಚಿನ್ನದ ಹುಟ್ಟುಬಣ್ಣವಲ್ಲ, ಮೇಲೆ ಕೊಟ್ಟ ಪಾಲಿಶ್. ಬೆವರು, ಸೆಂಟು, ರೇಷ್ಮೆ ಸೀರೆಯ ಉಜ್ಜಾಟಕ್ಕೆ ಅಲ್ಲಲ್ಲಿ ಸವೆದು ಒಳಗಿನ ಹಳದಿ ಇಣುಕುತ್ತದೆ. ಮತ್ತೆ ಪಾಲಿಶ್ ಕೊಡಿಸಬಹುದು, ಅಷ್ಟೇ.

ಚಿನ್ನದ ಶುದ್ಧತೆಗೆ ಸಾಕ್ಷಿಯಾದ ಹಾಲ್‌ಮಾರ್ಕ್ ಮುದ್ರೆಯಲ್ಲಿ ಗುರುತುಗಳು ಮೂರು: ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಚಿಹ್ನೆ, 22 ಕ್ಯಾರಟ್ಟಿಗೆ 916 ಎನ್ನುವ ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯೊಂದಕ್ಕೇ ಸೇರಿದ ಗುರುತು ಸಂಖ್ಯೆ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಿ, ಅಂಗಡಿಯಲ್ಲಿ ನಿಂತೇ ನೋಡಿ. ಕುಂದನ್, ಪೋಲ್ಕಿ, ಜಡಾವು ಎನ್ನುವ ಕಲ್ಲು ಕೂರಿಸಿದ ಒಡವೆಗಳಿಗೆ ಈ ಕಡ್ಡಾಯವಿಲ್ಲ. ಹಾಗಾಗಿ ಅವುಗಳಲ್ಲಿ ಬಿಲ್ಲೇ ನಿಮ್ಮ ಆಧಾರ.

ಈಗ ಬೋರಮಾಳ. ಬೋರೆಹಣ್ಣಿನಂಥ ಆ ಗುಂಡುಗಳು ಗಟ್ಟಿಯಲ್ಲ. ತೆಳು ತಗಡಿನ ಚಿಪ್ಪು, ಒಳಗೆ ಅರಗು. ಕರಗಿಸಿದರೆ ಅರಗು ಹೊಗೆಯಾಗಿ ಹೋಗುತ್ತದೆ, ತಕ್ಕಡಿಯಲ್ಲಿ ತೂಗಿದ್ದಕ್ಕೂ ಕೈಗೆ ಬರುವುದಕ್ಕೂ ತಾಳೆಯಾಗುವುದಿಲ್ಲ. ಮೇಲಾಗಿ ಹಳೇ ಕಾಲದ ಬೆಸುಗೆಯಲ್ಲಿ ತಾಮ್ರ ಸೇರುತ್ತಿದ್ದುದರಿಂದ ಶುದ್ಧತೆಯೂ ಇಳಿದಿರುತ್ತದೆ. ಅಕ್ಕಸಾಲಿಗರ ಮನೆಯಲ್ಲಿ ಬೆಳೆದವನು ನಾನು. ಅಗ್ಗಿಷ್ಟಿಕೆಗೆ ಬಿದ್ದ ಬೋರಮಾಳ ನೋಡಿ ಮನೆಯವರ ಮುಖ ಸಪ್ಪೆಯಾದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ತಮಾಷೆಯೆಂದರೆ, ಅದೇ ಬೋರಮಾಳದ ಹೊಸ ನಕಲನ್ನು ಅದೇ ಅಂಗಡಿಯವರು ಪಾರಂಪರಿಕ ಸಂಗ್ರಹ ಎಂದು ಹೆಸರಿಟ್ಟು ಮಾರುತ್ತಿದ್ದಾರೆ! ಸರ ಪೋಣಿಸುವವರ ಹತ್ತಿರ ಹೊಸ ದಾರಕ್ಕೆ ಹಾಕಿಸಿ, ನಡುವೆ ಒಂದು ಪುಟ್ಟ ಪದಕ ಜೋಡಿಸಿ. ನುಗ್ಗಾದ ಗುಂಡುಗಳಿದ್ದರೆ ಹಿಂಬದಿಗೆ ಬರಲಿ. ಶುದ್ಧತೆ ತಿಳಿಯುವ ಕುತೂಹಲವಿದ್ದರೆ ಬಿಐಎಸ್ ಮಾನ್ಯತೆಯ ಪರೀಕ್ಷಾ ಕೇಂದ್ರಕ್ಕೆ ನೀವೇ ಒಯ್ದು ಶುಲ್ಕ ಕಟ್ಟಿ ನೋಡಿಸಬಹುದು. ಬಜೆಟ್ಟಿಗೆ ಕಮ್ಮಿ ಬಿದ್ದರೆ 60 ಗ್ರಾಂ ಹಾರವನ್ನು 40ಕ್ಕೆ ಇಳಿಸಿ. ಫೋಟೊದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನಿಶ್ಚಿತಾರ್ಥಕ್ಕೆ ಹುಡುಗಿಗೆ ವಜ್ರದ ಉಂಗುರ ಹಾಕಬೇಕೆಂದಿದ್ದೇನೆ. ಲ್ಯಾಬ್ ವಜ್ರ ತುಂಬ ಅಗ್ಗ. ಅದು ನಕಲಿಯೇ? ಮುಂದೆ ಮಾರಿದರೆ ದುಡ್ಡು ಬರುತ್ತದೆಯೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ನಕಲಿ ಅಲ್ಲ. ನೆಲದಿಂದ ತೆಗೆಯುವ ಬದಲು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ. ಅದೂ ಇಂಗಾಲವೇ, ಗಡಸುತನವೂ ಅಷ್ಟೇ, ಬರಿಗಣ್ಣಿಗೆ ನನಗೂ ವ್ಯತ್ಯಾಸ ತಿಳಿಯುವುದಿಲ್ಲ. ಅಮೆರಿಕನ್ ಡೈಮಂಡ್ ಎನ್ನುವ ಜಿರ್ಕೋನಿಯಾ, ಮೊಯ್ಸನೈಟ್ ಬೇರೆಯೇ ವಸ್ತುಗಳು. ಅವನ್ನು ಇದರೊಂದಿಗೆ ಬೆರೆಸಬೇಡಿ. ಆದರೆ ಎರಡನೆಯ ಪ್ರಶ್ನೆಗೆ ಉತ್ತರ ಕಹಿ. ನೆಲದಿಂದ ತೆಗೆದ ವಜ್ರವನ್ನೇ ಮರಳಿ ಮಾರುವಾಗ ಕೊಟ್ಟಷ್ಟು ಸಿಗುವುದಿಲ್ಲ. ಲ್ಯಾಬ್ ವಜ್ರವನ್ನು ಬೇಕಾದಷ್ಟು ಬೆಳೆಯಬಹುದಾದ್ದರಿಂದ ಅದರ ದರ ಕೆಲವು ವರ್ಷಗಳಿಂದ ಜಾರುತ್ತಲೇ ಇದೆ. ಚೆಂದಕ್ಕೆ ಕೊಳ್ಳಿ, ಆಸ್ತಿ ಎಂದು ಕೊಳ್ಳಬೇಡಿ. ಹುಡುಗಿಗೂ ಅದು ಲ್ಯಾಬ್ ವಜ್ರ ಎಂದು ಮೊದಲೇ ಹೇಳಿಬಿಡಿ. ನಾಲ್ಕು ವರ್ಷ ಆದಮೇಲೆ ಪ್ರಮಾಣಪತ್ರ ಓದಿ ತಿಳಿಯುವುದು ಚೆನ್ನಾಗಿರುವುದಿಲ್ಲ.

ಉಂಗುರ 18 ಕ್ಯಾರಟ್, ಅಂದರೆ 750 ಗುರುತಿನದು ಇರಲಿ. 22 ಕ್ಯಾರಟ್ ಮೆದು, ಕಲ್ಲನ್ನು ಹಿಡಿದಿಡುವ ಚಿನ್ನದ ಉಗುರುಗಳು ಬಾಗಿ ಸಡಿಲವಾಗುತ್ತವೆ. ಮನೆಗೆಲಸ, ಬೈಕು, ಕೀಬೋರ್ಡು ಎಲ್ಲಕ್ಕೂ ಅದೇ ಕೈ ತಾನೇ? ಎತ್ತರಕ್ಕೆ ನಿಲ್ಲಿಸಿದ ಕಲ್ಲಿಗಿಂತ ಸುತ್ತಲೂ ಚಿನ್ನದ ಅಂಚು ಕಟ್ಟಿದ್ದು ಬಾಳಿಕೆ ಬರುತ್ತದೆ. ಜೋಡಿ ಪ್ಲಾಟಿನಂ ಉಂಗುರ ಈಗ ಬಹಳ ಓಡುತ್ತಿದೆ. 950 ಗುರುತು ನೋಡಿ ತೆಗೆದುಕೊಳ್ಳಿ, ಅಳತೆ ಸರಿಯಾಗಿ ಕೊಡಿ. ಪ್ಲಾಟಿನಂ ಕರಗಲು ಚಿನ್ನಕ್ಕಿಂತ ಬಹಳ ಹೆಚ್ಚು ಬಿಸಿ ಬೇಕು, ಬೀದಿಯ ಅಕ್ಕಸಾಲಿಗರ ಹತ್ತಿರ ದೊಡ್ಡದು ಚಿಕ್ಕದು ಮಾಡಿಸಲಾಗದು. ಬೆರಳಿನ ಅಳತೆ ಸಂಜೆ ತೆಗೆಸಿ, ಬೆಳಗಿನ ಚಳಿಗೆ ಬೆರಳು ಸಣ್ಣಗಿರುತ್ತದೆ.

ಅಂದಹಾಗೆ, ನಮ್ಮಲ್ಲಿ ನಿಶ್ಚಿತಾರ್ಥ ಎಂದರೆ ತಾಂಬೂಲ ಬದಲಾಯಿಸುವುದು, ಲಗ್ನಪತ್ರಿಕೆ ಬರೆಯುವುದು ಆಗಿತ್ತು. ಮದುವೆಯ ಉಂಗುರ ಕಾಲಿನದು, ಅದೂ ಬೆಳ್ಳಿಯದು. ವಜ್ರದುಂಗುರಕ್ಕೆ ಇಷ್ಟು ತಲೆಕೆಡಿಸಿಕೊಂಡವರು ಕಾಲುಂಗುರವನ್ನು ಕೊನೇ ಗಳಿಗೆಯಲ್ಲಿ ತಂದು, ಬಿಗಿಯಾಗಿ ಬೆರಳು ಊದಿಸಿಕೊಳ್ಳುತ್ತಾರೆ. ಅದರ ಅಳತೆಯನ್ನೂ ಈಗಲೇ ನೋಡಿ.

ಪ್ರಶ್ನೆ: ದಿನಾ ಆಫೀಸಿಗೆ ಉದ್ದದ ಮಾಂಗಲ್ಯ ಸರ ಕಷ್ಟ. 3 ಗ್ರಾಂನ ಗಿಡ್ಡ ಕರಿಮಣಿ ಸರ ಅಥವಾ ಕೈಗೆ ಹಾಕುವ ಬ್ರೇಸ್‌ಲೆಟ್ ಮಾಡಿಸಬಹುದೇ? ಅತ್ತೆಗೆ ಇಷ್ಟವಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ಅತ್ತೆಯವರ ಜೊತೆಗಿನ ಮಾತುಕತೆ ನಿಮಗೇ ಬಿಟ್ಟದ್ದು. ನನಗೆ ಗೊತ್ತಿರುವುದು ಸರದ ಗಟ್ಟಿತನ. 3 ಗ್ರಾಂ ಸರ ಮೊದಲು ಕಡಿಯುವುದು ಕೊಂಡಿಯ ಪಕ್ಕದ ಪುಟ್ಟ ರಿಂಗಿನಲ್ಲಿ, ಆಮೇಲೆ ಮಣಿ ಪೋಣಿಸಿದ ತಂತಿಯಲ್ಲಿ. ಆ ತೂಕದ ಸರಕ್ಕೆ ಮಾಂಗಲ್ಯದ ಭಾರ ಹಾಕಬೇಡಿ. ಧಾರೆಯ ಮಾಂಗಲ್ಯ ಉದ್ದದ ಸರದಲ್ಲೇ ಇರಲಿ, ಆಫೀಸಿಗೆ ಪುಟ್ಟ ಪದಕದ ಗಿಡ್ಡ ಸರ ಬೇರೆ ಮಾಡಿಸಿ. ಟೊಳ್ಳು ಸರ ಮಾತ್ರ ಬೇಡ, ನುಗ್ಗಾದರೆ ರಿಪೇರಿ ಕಷ್ಟ. ಬ್ರೇಸ್‌ಲೆಟ್ ಮೇಜಿಗೆ ಉಜ್ಜಿ ಉಜ್ಜಿ ಬೇಗ ಸವೆಯುತ್ತದೆ.

ಪ್ರಶ್ನೆ: ಕೊಡವರ ಪತ್ತಾಕ್ ಬಹಳ ಇಷ್ಟ. ನಾನು ಕೊಡವಳಲ್ಲ. ಮದುವೆಗೆ ಹಾಕಿಕೊಳ್ಳಬಹುದೇ?
– ವಧು, ಮೈಸೂರು

ಉತ್ತರ: ತಡೆಯುವವರಿಲ್ಲ. ಆದರೆ ನಾಣ್ಯದ ಸುತ್ತ ಕೆಂಪು, ಮುತ್ತು, ಮೇಲೆ ನಾಗರಹೆಡೆ ಇರುವ ಆ ಪದಕ ಕೊಡವರಲ್ಲಿ ಬರೀ ಅಲಂಕಾರವಲ್ಲ, ಮಗಳಿಗೆ ತಾಯಿ ಕಟ್ಟುವ ಮಂಗಳಸೂತ್ರ. ನನ್ನನ್ನು ಕೇಳಿದರೆ ಆರತಕ್ಷತೆಗೆ ಕೊಡಗಿನದೇ ಜೋಮಾಲೆ ಹಾಕಿಕೊಳ್ಳಿ. ಚಿನ್ನದ ಗುಂಡುಗಳ ಸರ, ಯಾವ ಸೀರೆಗೂ ಒಪ್ಪುತ್ತದೆ. ಅದರ ಗುಂಡಿನೊಳಗೂ ಅರಗೇ ಇರುತ್ತದೆ, ತೂಕದ ಲೆಕ್ಕ ಮರೆಯಬೇಡಿ.