ಮಿಲಾನ್ ಬಿಸಿಲು, ವೆರೋನಾದ ರಾತ್ರಿ ಒಪೆರಾ

ಅಕ್ಕ, ಜುಲೈ ಕೊನೆಗೆ ಇಟಲಿಯ ಮಿಲಾನ್‌ನಲ್ಲಿರುವ ಮಗಳ ಮನೆಗೆ ಹೋಗುತ್ತೀರಿ, ಆ ಸೆಕೆಯಲ್ಲಿ ಚಿತ್ರಕಲೆ, ಒಪೆರಾ ಅನ್ನುವ ಹಾಡಿನ ನಾಟಕ ನೋಡಲು ಆಗುತ್ತದಾ, ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ ಅಂತ ಕೇಳಿದ್ದಿರಿ. ಎಲ್ಲವೂ ಆಗುತ್ತದೆ. ಊರಲ್ಲಿ ಯಕ್ಷಗಾನದ ಆಟಕ್ಕೆ ಹೋಗುವ ದಿನ ಮಾಡುವ ಹಾಗೆ ಮಧ್ಯಾಹ್ನ ಮಲಗಿ, ರಾತ್ರಿಗೆ ಶಕ್ತಿ ಉಳಿಸಿಕೊಳ್ಳಿ.

ಶಿರಸಿಯ ತಂಪಿನಿಂದ ಹೋಗುವವರಿಗೆ ಅಲ್ಲಿನ ಬೇಸಿಗೆ ಕಷ್ಟವೇ. ಪೋ ನದಿಯ ಬಯಲು, ಗಾಳಿ ಆಡುವುದಿಲ್ಲ, ಮೈಯೆಲ್ಲ ಬೆವರು, ಸೊಳ್ಳೆಯೂ ಜಾಸ್ತಿ. ದುವೋಮೊ ಚರ್ಚನ್ನು ಬೆಳಿಗ್ಗೆಯೇ ಮುಗಿಸಿ. ಭುಜ, ಮೊಣಕಾಲು ಮುಚ್ಚಿರಬೇಕು, ಸೀರೆಯಾದರೆ ತೊಂದರೆಯೇ ಇಲ್ಲ. ಬೀದಿಯಲ್ಲಿ ಹಸಿರು ಬಣ್ಣದ ಕಬ್ಬಿಣದ ನಲ್ಲಿಕಂಬಗಳಿವೆ, ಆ ನೀರು ಕುಡಿಯಬಹುದು.

ಮನೆಯಲ್ಲಿ ಕೂರಲು ಮನಸ್ಸಿಲ್ಲದ ಮಧ್ಯಾಹ್ನ ಬ್ರೆರಾ ಚಿತ್ರಶಾಲೆಗೆ ಹೋಗಿ. ಎಲ್ಲ ಕೋಣೆ ಸುತ್ತಬೇಡಿ. ಮಾಂತೆನ್ಯಾ ಬರೆದ ಸತ್ತ ಯೇಸುವಿನ ಚಿತ್ರದ ಮುಂದೆ ಸುಮ್ನೆ ನಿಲ್ಲಿ. ಪಾದದ ಕಡೆಯಿಂದ ನೋಡಿ ಬರೆದದ್ದು, ಮೊಳೆ ಹೊಡೆದ ಅಂಗಾಲುಗಳು ನೇರ ನಮ್ಮ ಕಡೆಗೇ ಇವೆ, ಮೈಯೆಲ್ಲ ಹಿಂದಕ್ಕೆ ಕುಗ್ಗಿ ಕಾಣುತ್ತದೆ. ಪಕ್ಕದಲ್ಲಿ ಅಳುವ ಮುಖಗಳು. ಲಿಯೊನಾರ್ಡೊನ 'ಕೊನೆಯ ಭೋಜನ' ಗೋಡೆಚಿತ್ರ ನೋಡಲು ಈಗಲೇ ಬುಕ್ ಮಾಡಿ, ಒಳಗೆ ಬಿಡುವುದು 15 ನಿಮಿಷ ಮಾತ್ರ. ಒಣಗಿದ ಗೋಡೆಯ ಮೇಲೆ ಬರೆದದ್ದರಿಂದ ಬಣ್ಣ ಬೇಗನೇ ಉದುರತೊಡಗಿತ್ತು. ಎರಡೂ ಕಡೆ ಸೋಮವಾರ ರಜೆ.

ಒಪೆರಾಕ್ಕೆ ನಾನು ಹೇಳುವುದು ವೆರೋನಾ ಊರು, ಮಿಲಾನ್‌ನಿಂದ ರೈಲಿನಲ್ಲಿ ಒಂದೂಕಾಲು ಗಂಟೆ. ಅಲ್ಲಿನ ಅರೆನಾ ರೋಮನ್ ಕಾಲದ ಬಯಲು ರಂಗಮಂದಿರ. ಸಂಗೀತ ರಚನೆಕಾರ ವೆರ್ದಿ ಹುಟ್ಟಿ ನೂರು ವರ್ಷವಾದ 1913ರಲ್ಲಿ ಅವರ ಆಯಿದಾ ಒಪೆರಾ ಆಡಿ ಶುರುವಾದ ಉತ್ಸವ ಇದು. ಆಯಿದಾ ಈಗಲೂ ಹೆಚ್ಚುಕಮ್ಮಿ ಪ್ರತಿ ವರ್ಷ ಇರುತ್ತದೆ. ರಾತ್ರಿ ಒಂಬತ್ತರ ನಂತರ ಶುರು, ಮುಗಿಯುವಾಗ ನಡುರಾತ್ರಿ ದಾಟಿರುತ್ತದೆ. ಹಾಗಾಗಿ ಅಲ್ಲೇ ರೂಮ್ ಮಾಡಿ.

ಪ್ರಸಂಗ ಗೊತ್ತಿಲ್ಲದೆ ಆಟಕ್ಕೆ ಕೂತರೆ ಅರ್ಧ ರಸ ಹೋಯಿತು, ಅಲ್ವಾ? ಇಲ್ಲೂ ಹಾಗೇ, ಕಥೆ ಓದಿಕೊಂಡೇ ಹೋಗಿ. ನಮ್ಮಲ್ಲಿ ಭಾಗವತರು ಪದ ಹೇಳುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾರೆ. ಅಲ್ಲಿ ಪಾತ್ರಧಾರಿಯೇ ಹಾಡಬೇಕು, ಮಾತೂ ಹಾಡಿನಲ್ಲೇ, ಅಷ್ಟು ದೊಡ್ಡ ವಾದ್ಯಮೇಳವನ್ನು ದಾಟಿ ದನಿ ಮೇಲಿನ ಮೆಟ್ಟಿಲಿಗೆ ಮುಟ್ಟಬೇಕು. ಆಯಿದಾದಲ್ಲಿ ಎಲ್ಲರೂ ಕಾಯುವುದು ಎರಡನೇ ಅಂಕದ ಕಹಳೆ ಮೆರವಣಿಗೆಗೆ. ನನಗೆ ಮೂರನೇ ಅಂಕವೇ ದೊಡ್ಡದು. ನೈಲ್ ದಂಡೆಯಲ್ಲಿ ಅಪ್ಪ ಮಗಳು ಆಯಿದಾಗೆ, ಶತ್ರುಪಡೆಯ ನಾಯಕನಾದ ನಿನ್ನ ಪ್ರಿಯನಿಂದ ಅವರ ಸೈನ್ಯದ ದಾರಿ ತಿಳಿದುಕೋ ಅಂತ ಒತ್ತಾಯಿಸುತ್ತಾನೆ. ಮೊದಲು ಅವಳು ಒಪ್ಪುವುದಿಲ್ಲ. ನೀನು ನನ್ನ ಮಗಳೇ ಅಲ್ಲ ಅನ್ನುತ್ತಾನೆ. ಕರುಣರಸ ಬಲ್ಲ ನಮ್ಮವರಿಗೆ ಅಲ್ಲಿ ಭಾಷೆ ಅಡ್ಡ ಬರುವುದಿಲ್ಲ.

ಊಟದಲ್ಲಿ ಒಂದು ಎಚ್ಚರಿಕೆ. ಮಿಲಾನ್‌ನ ಕೇಸರಿ ಹಾಕಿದ ರಿಸೊತ್ತೊ ನೋಡಲು ಬರೀ ಅನ್ನ, ಆದರೆ ಮಾಮೂಲಿಯಾಗಿ ಮಾಂಸದ ಸಾರಿನಲ್ಲಿ ಬೇಯಿಸುತ್ತಾರೆ, ಮೂಳೆಯ ಮಜ್ಜೆಯೂ ಇರುತ್ತದೆ. ಪಾರ್ಮೆಜಾನ್ ಚೀಸ್‌ನ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ಬೇಡವಾದರೆ 'ಸೆಂತ್ಸಾ ಫೊರ್ಮಾಜ್ಜೊ' (ಚೀಸ್ ಇಲ್ಲದೆ) ಅನ್ನಿ. ಟೊಮೆಟೊ ಪಾಸ್ತಾ, ಹಣ್ಣಿನ ಸೊರ್ಬೆತ್ತೊ ಅನ್ನುವ ಐಸ್ ಧೈರ್ಯವಾಗಿ ತಿನ್ನಿ. ಒಪೆರಾದ ದಿನ ಸಂಜೆಗೆ ಮಗಳ ಹತ್ತಿರ ಮೊಸರನ್ನ ಕಟ್ಟಿಸಿಕೊಳ್ಳಿ, ಹೆಚ್ಚಿನ ಹೋಟೆಲ್‌ಗಳಲ್ಲಿ ರಾತ್ರಿಯೂಟ ಏಳೂವರೆ ಮೇಲೆಯೇ.

ಅರೆನಾದಲ್ಲಿ ಅಗ್ಗದ ಟಿಕೆಟ್ ಕಲ್ಲಿನ ಮೆಟ್ಟಿಲ ಮೇಲೆ, ಹಗಲಿನ ಬಿಸಿಲಿಗೆ ಕಾದ ಕಲ್ಲು ಬೇಗ ಆರುವುದಿಲ್ಲ, ದಿಂಬು ಬೇಕೇ ಬೇಕು. ಹತ್ತುವ ಮೆಟ್ಟಿಲೂ ಎತ್ತರ. ಭಾವನವರಿಗೆ ಮೊಣಕಾಲು ನೋವಿದ್ದರೆ ದುಡ್ಡು ಸ್ವಲ್ಪ ಜಾಸ್ತಿಯಾದರೂ ಕೆಳಗಿನ ಕುರ್ಚಿಯನ್ನೇ ತಗೊಳ್ಳಿ.