1778ರ ಮುತ್ತಿಗೆಯಲ್ಲಿ ಅಮೆರಿಕದ ಬೂನ್ಸ್‌ಬರೋ ಕೋಟೆ ಬೀಳದೆ ಉಳಿದದ್ದು ಹೇಗೆ?

ಮುಖ್ಯ ಕಾರಣ, ಮುತ್ತಿದವರ ಬಳಿ ಫಿರಂಗಿ ಇರಲಿಲ್ಲ. ಇದ್ದಿದ್ದರೆ ಆ ಕೋಟೆ ಒಂದು ದಿನವೂ ನಿಲ್ಲುತ್ತಿರಲಿಲ್ಲ.

ಕೆಂಟಕಿ ನದಿಯ ದಂಡೆಯ ಈ ನೆಲೆಯಲ್ಲಿ ಕಲ್ಲು-ಗಾರೆಯ ಕೆಲಸವೇ ಇಲ್ಲ. ಸುಮಾರು 260 ಅಡಿ ಉದ್ದ, 180 ಅಡಿ ಅಗಲದ ಅಂಗಳದ ಸುತ್ತ ಮರದ ದಿಮ್ಮಿಯ ಮನೆಗಳ ಸಾಲು. ಅವುಗಳ ಹಿಂಗೋಡೆಯೇ ಕೋಟೆಯ ಗೋಡೆ. ಸಂದಿಗಳಿಗೆ ಒತ್ತಾಗಿ ನೆಟ್ಟ ಕಂಬಗಳು, ಮೂಲೆಗಳಲ್ಲಿ ಬಂದೂಕಿನ ಕಿಂಡಿಗಳಿದ್ದ ಕಾವಲುಮನೆಗಳು. ವಲಸಿಗರ ಮುಂದಾಳು ಡೇನಿಯಲ್ ಬೂನ್ ತಂಡ 1775ರ ಏಪ್ರಿಲ್‌ನಲ್ಲಿ ಶುರುಮಾಡಿದ ಈ ಕೆಲಸ ಮೂರು ವರ್ಷವಾದರೂ ಮುಗಿದಿರಲಿಲ್ಲ. ಜನಕ್ಕೆ ಗೋಡೆಗಿಂತ ಜಮೀನಿನ ಚಿಂತೆಯೇ ಹೆಚ್ಚು. ಆ ಜಮೀನನ್ನು ಟ್ರಾನ್ಸಿಲ್ವೇನಿಯಾ ಎಂಬ ಭೂವ್ಯವಹಾರದ ಕಂಪನಿ ಕೊಂಡದ್ದು ಚೆರೋಕಿ ಎಂಬ ಮೂಲನಿವಾಸಿ ಬುಡಕಟ್ಟಿನವರಿಂದ. ಅಲ್ಲಿ ಬೇಟೆಯಾಡುತ್ತಿದ್ದ ಇನ್ನೊಂದು ಬುಡಕಟ್ಟಿನ ಶಾನೀಗಳು ಆ ವ್ಯವಹಾರದಲ್ಲಿ ಇರಲೇ ಇಲ್ಲ.

1778ರ ಫೆಬ್ರುವರಿಯಲ್ಲಿ ಉಪ್ಪು ಕಾಯಿಸಲು ಹೋಗಿದ್ದಾಗ ಬೂನ್ ಶಾನೀಗಳ ಸೆರೆಯಾದ. ಜೂನ್‌ನಲ್ಲಿ ತಪ್ಪಿಸಿಕೊಂಡು, ಸುಮಾರು 160 ಮೈಲಿ ದಾಟಿ ಬಂದು ದಾಳಿಯ ಸುದ್ದಿ ಮುಟ್ಟಿಸಿದ. ಗೋಡೆ ರಿಪೇರಿಯಾದದ್ದು ಆಮೇಲೆಯೇ. ಒಳಗೆ ಬಾವಿ ತೋಡಲು ಹೊರಟರೂ ಮುತ್ತಿಗೆಯ ಹೊತ್ತಿಗೆ ಅದು ಪೂರ್ತಿಯಾಗಿರಲಿಲ್ಲ.

ಸೆಪ್ಟೆಂಬರ್ 7ಕ್ಕೆ ಶಾನೀ ಮುಖ್ಯಸ್ಥ ಬ್ಲ್ಯಾಕ್‌ಫಿಶ್ ನಾಯಕತ್ವದಲ್ಲಿ 400ಕ್ಕೂ ಹೆಚ್ಚು ಮಂದಿ ಬಂದರು. ಒಳಗೆ ಬಂದೂಕು ಹಿಡಿಯಬಲ್ಲವರು ನೂರೂ ಇರಲಿಲ್ಲ. ಮಾತುಕತೆ ಮುರಿದ ಮೇಲೆ ಮುತ್ತಿದವರು ನದಿದಂಡೆಯಿಂದ ಗೋಡೆಯ ಕಡೆಗೆ ಸುರಂಗ ತೋಡಿದರು. ಹೊರಹಾಕಿದ ಮಣ್ಣಿನಿಂದ ನದಿ ಕದಡಿದ್ದನ್ನು ಕಂಡ ಒಳಗಿನವರು ಅಡ್ಡಲಾಗಿ ತಾವೂ ಕಂದಕ ತೋಡಿದರು. ಕೊನೆಗೆ ಜೋರು ಮಳೆ ಸುರಿದು ಸುರಂಗ ಕುಸಿಯಿತು, ಚಾವಣಿಗೆ ಎಸೆದ ಪಂಜುಗಳೂ ನಂದಿದವು. 18ರ ಹೊತ್ತಿಗೆ ಮುತ್ತಿಗೆ ತೆರವಾಯಿತು.

ಅದೇ ವರ್ಷ ವರ್ಜೀನಿಯಾ ಸರ್ಕಾರ ಕಂಪನಿಯ ಆ ಜಮೀನು ಖರೀದಿಯನ್ನೇ ರದ್ದುಮಾಡಿತು.